ಹೊಸ ಎಂಜಿನ್ನಿಗೆ ಮರುಕ ತೋರಿಸಬೇಡಿ

ಹೊಸ ಬೈಕು ಕೊಂಡವರಿಗೆ ನಮ್ಮಲ್ಲಿ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸು, ಎಂಜಿನ್ ಹದಕ್ಕೆ ಬರಲಿ. ಇದೇ ಮಾತನ್ನು ತಲೆಯಲ್ಲಿಟ್ಟುಕೊಂಡು ಸೆಸ್ನಾ 172ರಂಥ ಪುಟ್ಟ ವಿಮಾನದ ಓವರ್‌ಹಾಲ್ ಆದ (ಪೂರ್ತಿ ಬಿಚ್ಚಿ, ಅಳೆದು, ಮತ್ತೆ ಕಟ್ಟಿದ) ಎಂಜಿನ್ನನ್ನು ಹಾರಿಸಹೊರಟರೆ, ಅದನ್ನು ಕೆಡಿಸಲು ಅಷ್ಟೇ ಸಾಕು. ಪಿಸ್ಟನ್ನಿನ ಸುತ್ತ ಇರುವ ರಿಂಗುಗಳು ಸಿಲಿಂಡರಿನ ಗೋಡೆಗೆ ಸರಿಯಾಗಿ ಕೂರಬೇಕಾದರೆ ಅವುಗಳ ಬೆನ್ನಿಗೆ ಜೋರಾದ ಒತ್ತಡ ಬೇಕು. ಮೆಲ್ಲಗೆ ಓಡಿಸಿದರೆ ಆ ಒತ್ತಡ ಹುಟ್ಟುವುದೇ ಇಲ್ಲ. ವಿಮಾನದ ಪಿಸ್ಟನ್ ಎಂಜಿನ್ ವರ್ಕ್‌ಷಾಪಿನಿಂದ ಹೊರಡುವಾಗ ಇನ್ನೂ ಪೂರ್ತಿಯಾಗಿರುವುದಿಲ್ಲ. ಅದರ ಕೊನೆಯ ಮಷೀನಿಂಗ್ ನಡೆಯುವುದು ಗಾಳಿಯಲ್ಲಿ, ಥ್ರಾಟಲ್ ಹಿಡಿದ ಪೈಲಟ್ಟಿನ ಕೈಯಲ್ಲಿ. ಆದರೆ ಅಲ್ಲಿಗೆ ಮುಟ್ಟುವ ಮೊದಲು ಬೆಂಚಿನ ಮೇಲೆ ಸರಿಹೋಗಬೇಕಾದ್ದು ಬಹಳ ಇದೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಲೈಕಮಿಂಗ್ ಓ-320. ಅಮೆರಿಕದ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನಲ್ಲಿ ತಯಾರಾಗುವ ಎಂಜಿನ್. ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿರುತ್ತವೆ, ತಣಿಸುವುದಕ್ಕೆ ಗಾಳಿಯೇ ಗತಿ. ಬೋರ್ (ಸಿಲಿಂಡರಿನ ಒಳವ್ಯಾಸ) 5.125 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 3.875 ಇಂಚು, ಒಟ್ಟು ಸುಮಾರು 320 ಘನ ಇಂಚು, ಅಂದರೆ 5.2 ಲೀಟರ್. ಇಷ್ಟು ದೊಡ್ಡ ಹೊಟ್ಟೆಯಿಂದ ಹೊರಬರುವುದು 150 ಅಥವಾ 160 ಎಚ್‌ಪಿ, ಅದೂ 2700 ಆರ್‌ಪಿಎಂಗೆ. ಪ್ರೊಪೆಲ್ಲರ್ ನೇರವಾಗಿ ಕ್ರ್ಯಾಂಕ್‌ಶಾಫ್ಟಿಗೇ ಕೂತಿರುವುದರಿಂದ ಅದಕ್ಕಿಂತ ವೇಗವಾಗಿ ತಿರುಗಿಸುವಂತಿಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್ ಕಟ್ಟಿದ ಎಚ್‌ಪಿಟಿ-32 ದೀಪಕ್ ತರಬೇತಿ ವಿಮಾನದಲ್ಲಿ ಇದ್ದದ್ದು ಇದೇ ಮನೆತನದ ಆರು ಸಿಲಿಂಡರಿನ ಅಣ್ಣ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹಂಸ-3ರಲ್ಲಿರುವ ರೋಟ್ಯಾಕ್ಸ್ 914 ಮಾತ್ರ ಬೇರೆ ಜಾತಿ. ಅದರ ಹೆಡ್ಡುಗಳಿಗೆ ನೀರಿನ ತಂಪು, ಪ್ರೊಪೆಲ್ಲರಿಗೆ ಗೇರ್‌ಬಾಕ್ಸು. ಇಲ್ಲಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಓವರ್‌ಹಾಲ್ ಯಾವಾಗ? ತಯಾರಕರ ಶಿಫಾರಸು 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಗಂಟೆಯ ಲೆಕ್ಕವನ್ನು ಎಲ್ಲರೂ ಒಪ್ಪುತ್ತಾರೆ, ವರ್ಷದ ಲೆಕ್ಕಕ್ಕೆ ಗೊಣಗುತ್ತಾರೆ. ಆದರೆ ಎಂಜಿನ್ ಕೆಡುವುದು ಹಾರಿದ್ದಕ್ಕಿಂತ ನಿಂತದ್ದರಿಂದ ಹೆಚ್ಚು. ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟಿನ ಮೇಲೆ. ಎಂಜಿನ್ ನಿಂತ ಮೇಲೆ ಅಲ್ಲಿನ ಆಯಿಲ್ ದಿನದಿನಕ್ಕೂ ಕೆಳಗಿಳಿದುಹೋಗುತ್ತದೆ. ಸುಟ್ಟ ಇಂಧನದ ಆಮ್ಲಾಂಶವೂ ತೇವವೂ ಸೇರಿ ಕ್ಯಾಮಿನ ಉಬ್ಬುಗಳ ಮೇಲೆ ಸಣ್ಣ ತುಕ್ಕಿನ ಚುಕ್ಕೆ ಏಳಿಸುತ್ತವೆ. ಮುಂದೆ ಎಂಜಿನ್ ಚಾಲೂ ಆದಾಗ ಆ ಚುಕ್ಕೆಯ ಅಂಚಿನಿಂದ ಗಟ್ಟಿ ಮೇಲ್ಪದರ ಕಿತ್ತುಬರುತ್ತದೆ, ಆ ಉಬ್ಬುಗಳಿಗೆ ತಾಗಿ ಚಲಿಸುವ ಟ್ಯಾಪೆಟ್ಟಿನ ಮುಖ ತರಿತರಿಯಾಗುತ್ತದೆ, ಆಯಿಲ್ ಫಿಲ್ಟರಿನಲ್ಲಿ ಕಬ್ಬಿಣದ ಚೂರು ಕಾಣುತ್ತದೆ. ಕರಾವಳಿಯ ಮಳೆಗಾಲದಲ್ಲಿ ನಾಲ್ಕು ತಿಂಗಳು ಹ್ಯಾಂಗರಿನಲ್ಲೇ ಕೂತ ವಿಮಾನಕ್ಕೆ ಈ ಕಾಯಿಲೆ ಬಲುಬೇಗ ಅಂಟುತ್ತದೆ. ಹಾರಿಸಲಾಗದಿದ್ದರೂ ವಾರಕ್ಕೊಮ್ಮೆ ನೆಲದ ಮೇಲೆ ಹತ್ತು ನಿಮಿಷ ಓಡಿಸುತ್ತೇವೆ ಎನ್ನುವವರು ಇನ್ನೂ ಕೇಡು ಮಾಡುತ್ತಾರೆ. ಹತ್ತು ನಿಮಿಷದಲ್ಲಿ ಆಯಿಲ್ ತೇವ ಆರುವಷ್ಟು ಕಾಯುವುದಿಲ್ಲ, ಹೊಸ ತೇವ ಮಾತ್ರ ಸೇರುತ್ತದೆ.

ಬಿಚ್ಚುವಾಗ ಅವಸರ ಬೇಡ. ಕಳಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ, ಯಾವ ಸಿಲಿಂಡರಿನದು, ಯಾವ ಕಡೆಗಿತ್ತು ಎಂದು ಬರೆದಿಡಬೇಕು. ತೊಳೆಯುವ ಮೊದಲು ಒಮ್ಮೆ ಕಣ್ಣಾಡಿಸುವುದು ಮುಖ್ಯ, ಏಕೆಂದರೆ ಕೊಳೆಯೇ ಅರ್ಧ ಕಥೆ ಹೇಳುತ್ತದೆ. ಎಲ್ಲಿ ಮಸಿ ಕಟ್ಟಿದೆ, ಎಲ್ಲಿ ಆಯಿಲ್ ಒಸರಿದೆ, ಕ್ರ್ಯಾಂಕ್‌ಕೇಸಿನ ಎರಡು ಹೋಳು ಸೇರುವ ಮುಖದಲ್ಲಿ ಉಜ್ಜಾಟದ ಕಪ್ಪು ಕಲೆ ಇದೆಯೇ? ಇದನ್ನೆಲ್ಲ ಸಾಲ್ವೆಂಟ್ ಅಳಿಸಿಬಿಡುತ್ತದೆ. ತೊಳೆದ ಮೇಲೆ ಉಕ್ಕಿನ ಭಾಗಗಳಿಗೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ, ಅಲ್ಯೂಮಿನಿಯಂ ಭಾಗಗಳಿಗೆ ಬಣ್ಣ ಇಳಿಸಿ ನೋಡುವ ಡೈ ಪೆನಿಟ್ರೆಂಟ್ ಪರೀಕ್ಷೆ. ಸಿಲಿಂಡರ್ ಹೆಡ್ಡಿನಲ್ಲಿ ಬಿರುಕು ಸಾಮಾನ್ಯವಾಗಿ ಹುಟ್ಟುವುದು ಎಕ್ಸಾಸ್ಟ್ ವಾಲ್ವಿನ ಸೀಟಿಗೂ ಸ್ಪಾರ್ಕ್ ಪ್ಲಗ್ಗಿನ ತೂತಿಗೂ ನಡುವೆ. ಮೊದಲು ಅಲ್ಲಿ ನೋಡಿ.

ಆಮೇಲೆ ಅಳತೆ. ನಮ್ಮ ಲೇತ್ ಕೆಲಸದವರು ಇಂಚಿನ ಸಾವಿರದ ಒಂದು ಪಾಲಿಗೆ ಥೌ ಎನ್ನುತ್ತಾರೆ. ಓವರ್‌ಹಾಲ್ ಎಂದರೆ ಮುಕ್ಕಾಲು ಪಾಲು ಈ ಥೌಗಳ ಲೆಕ್ಕವೇ. ಲೈಕಮಿಂಗಿನ ಅಳತೆ ಪಟ್ಟಿಯಲ್ಲಿ ಪ್ರತಿ ಜೋಡಿಗೂ ಎರಡು ಮಿತಿಗಳಿವೆ: ಹೊಸ ಭಾಗದ ಮಿತಿ ಒಂದು, ಸವೆದರೂ ಬಳಸಬಹುದಾದ ಸರ್ವಿಸ್ ಮಿತಿ ಇನ್ನೊಂದು. ಕಾನೂನಿನ ಪ್ರಕಾರ ಸರ್ವಿಸ್ ಮಿತಿಯೊಳಗಿರುವ ಭಾಗವನ್ನು ಮತ್ತೆ ಹಾಕಿದರೂ ಅದು ಓವರ್‌ಹಾಲೇ. ಎಂಜಿನ್ ಕೊಳ್ಳುವವರು, ಮಾಡಿಸುವವರು ಎಡವುವುದು ಇಲ್ಲೇ. ಇವತ್ತು ಮಿತಿಗಿಂತ ಅರ್ಧ ಥೌ ಒಳಗಿರುವ ಭಾಗ ಇನ್ನೂ 2000 ಗಂಟೆ ಒಳಗೇ ಇರುತ್ತದೆಂದು ಯಾರೂ ಹೇಳಲಾರರು. ಹಾಗಾಗಿ ಬಿಲ್ಲಿಗಿಂತ ಮೊದಲು ಕೇಳಬೇಕಾದ್ದು ಅಳತೆಯ ಹಾಳೆ, ಯಾವ ಭಾಗ ಎಷ್ಟಿತ್ತು, ಈಗ ಎಷ್ಟಿದೆ ಎಂದು ಬರೆದದ್ದು. ಅದನ್ನು ಕೊಡದ ವರ್ಕ್‌ಷಾಪಿನ ಕೆಲಸವನ್ನು ನಂಬಲು ಯಾವ ಕಾರಣವೂ ಇಲ್ಲ. ಗಂಟೆಯ ಲೆಕ್ಕವನ್ನು ಸೊನ್ನೆಗೆ ತರುವ ಹಕ್ಕು ಕೂಡ ಅಮೆರಿಕದ ನಿಯಮದಲ್ಲಿ ತಯಾರಕರಿಗೆ ಮತ್ತು ಅವರು ಒಪ್ಪಿಗೆ ಕೊಟ್ಟವರಿಗೆ ಮಾತ್ರ. ಉಳಿದವರು ಎಷ್ಟೇ ಚೆನ್ನಾಗಿ ಕಟ್ಟಿದರೂ ಲಾಗ್ ಬುಕ್ಕಿನಲ್ಲಿ ಹಳೆಯ ಗಂಟೆಗಳು ಮುಂದುವರಿಯುತ್ತವೆ, ಪಕ್ಕದಲ್ಲಿ ಓವರ್‌ಹಾಲ್ ಆದ ಮೇಲಿನ ಗಂಟೆ ಬೇರೆಯಾಗಿ ಏರುತ್ತದೆ. ನಮ್ಮಲ್ಲಿಯೂ ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಅನುಮೋದನೆ ಪಡೆದ ಸಂಸ್ಥೆ ಮಾಡಿ, ಸಹಿ ಹಾಕಿ ಬಿಡುಗಡೆ ಮಾಡದೆ ಎಂಜಿನ್ ವಿಮಾನ ಹತ್ತುವಂತಿಲ್ಲ.

ಕೆಲವನ್ನು ಅಳೆಯುವ ಮಾತೇ ಇಲ್ಲ, ತೆಗೆದು ಬಿಸಾಡಬೇಕು: ಪಿಸ್ಟನ್ ರಿಂಗುಗಳು, ಎಲ್ಲ ಬೇರಿಂಗ್ ಚಿಪ್ಪುಗಳು, ಕನೆಕ್ಟಿಂಗ್ ರಾಡಿನ ಬೋಲ್ಟು ನಟ್ಟುಗಳು, ಎಕ್ಸಾಸ್ಟ್ ವಾಲ್ವುಗಳು, ಗ್ಯಾಸ್ಕೆಟ್ಟುಗಳು, ಸೀಲುಗಳು, ಲಾಕ್ ಪ್ಲೇಟುಗಳು, ರಬ್ಬರ್ ಹೋಸುಗಳು. ನೋಡುವುದಕ್ಕೆ ಹೊಸದರಂತೆಯೇ ಇರುವ ರಾಡ್ ಬೋಲ್ಟನ್ನು ಎಸೆಯಲು ಕೈ ಬಾರದು. ಬಿಗಿ ಮಾಡುವಾಗ ಬೋಲ್ಟು ಒಮ್ಮೆ ಎಳೆದುಕೊಂಡಿರುತ್ತದೆ. ಎರಡನೆಯ ಸಲ ಅದು ಅಷ್ಟೇ ಹಿಡಿತ ಕೊಡುತ್ತದೆಂಬ ಖಾತ್ರಿಯಿಲ್ಲ, ಅದು ಗಾಳಿಯಲ್ಲಿ ತುಂಡಾದರೆ ರಾಡು ಕೇಸನ್ನು ಒಡೆದುಕೊಂಡು ಹೊರಬರುತ್ತದೆ.

ಕ್ರ್ಯಾಂಕ್‌ಶಾಫ್ಟಿನ ಹಿಂಬದಿಗೆ ಒಂದು ಗೇರು. ಅದನ್ನು ಹಿಡಿದಿರುವುದು ಒಂದೇ ಒಂದು ಬೋಲ್ಟು, ಜೊತೆಗೊಂದು ಗೂಟ. ಕ್ಯಾಮ್‌ಶಾಫ್ಟ್, ಸ್ಪಾರ್ಕ್ ಹುಟ್ಟಿಸುವ ಎರಡೂ ಮ್ಯಾಗ್ನೆಟೊಗಳು, ಆಯಿಲ್ ಪಂಪು ಎಲ್ಲವೂ ತಿರುಗುವುದು ಈ ಗೇರಿನಿಂದ. ಸಡಿಲವಾದರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ. ಎರಡು ಮ್ಯಾಗ್ನೆಟೊ ಇವೆ, ಒಂದು ಕೆಟ್ಟರೆ ಇನ್ನೊಂದು ಎಂಬ ಧೈರ್ಯವೆಲ್ಲ ಈ ಬೋಲ್ಟಿನ ಮುಂದೆ ನಡೆಯದು. ಗೇರನ್ನು ಕೂರಿಸುವಾಗ ಮೊದಲು 125 ಇಂಚ್-ಪೌಂಡಿಗೆ ಬಿಗಿದು, ಗೇರಿನ ಸುತ್ತ ಮೆಲ್ಲಗೆ ತಟ್ಟಿ, ಗೇರಿಗೂ ಶಾಫ್ಟಿನ ಮುಖಕ್ಕೂ ನಡುವೆ ಒಂದು ಥೌ ದಪ್ಪದ ಫೀಲರ್ ಪಟ್ಟಿಯೂ ನುಗ್ಗುವುದಿಲ್ಲವೆಂದು ಖಚಿತವಾದ ಮೇಲೆ 204 ಇಂಚ್-ಪೌಂಡಿಗೆ ಬಿಗಿ ಮಾಡಿ, ಲಾಕ್ ಪ್ಲೇಟನ್ನು ಬೋಲ್ಟಿನ ತಲೆಗೆ ಮಡಚಬೇಕು. ಪ್ರೊಪೆಲ್ಲರ್ ನೆಲಕ್ಕೋ ಇನ್ನಾವುದಕ್ಕೋ ಬಡಿದ ಎಂಜಿನ್ನಿನಲ್ಲಿ ಈ ಗೂಟ ಮತ್ತು ಬೋಲ್ಟನ್ನು ತೆಗೆದು ನೋಡುವುದು ಕಡ್ಡಾಯ. ಹೊರಗಿನಿಂದ ಏನೂ ಆಗಿಲ್ಲದಂತೆ ಕಾಣುವಾಗಲೂ.

ಕೇಸಿನ ಎರಡು ಹೋಳುಗಳನ್ನು ಸೇರಿಸುವ ಕೆಲಸ ನೋಡಿದವರಿಗೆ ಅಚ್ಚರಿಯಾಗುವುದುಂಟು. ನಡುವೆ ಗ್ಯಾಸ್ಕೆಟ್ ಇಲ್ಲ. ತೆಳ್ಳಗೆ ಸೀಲಂಟ್ ಬಳಿದು, ಅದರ ಮೇಲೆ ಒಂದೆಳೆ ರೇಷ್ಮೆ ನೂಲನ್ನು ಅಂಚಿನುದ್ದಕ್ಕೂ ಬೋಲ್ಟಿನ ತೂತುಗಳ ಒಳಬದಿಗೆ ಹಾಯಿಸಿ, ಹೋಳು ಮುಚ್ಚುತ್ತಾರೆ. ಹೌದು, ರೇಷ್ಮೆ ನೂಲೇ. ದಪ್ಪ ಗ್ಯಾಸ್ಕೆಟ್ ಹಾಕಿದರೆ ಮೇನ್ ಬೇರಿಂಗಿನ ಗುಂಡಿಯ ಅಳತೆಯೇ ಬದಲಾಗುತ್ತದೆ, ಅದಕ್ಕೇ ಈ ಉಪಾಯ. ಸೀಲಂಟನ್ನು ಧಾರಾಳವಾಗಿ ಬಳಿಯುವ ಕೈ ಇಲ್ಲಿ ಅಪಾಯಕಾರಿ. ಹಿಂಡಿ ಒಳಗೆ ಬಿದ್ದ ಸೀಲಂಟಿನ ಉಂಡೆ ಆಯಿಲ್ ದಾರಿಯಲ್ಲಿ ಸಿಕ್ಕಿಕೊಂಡರೆ ಬೇರಿಂಗಿಗೆ ಉಪವಾಸ.

ಬಿಗಿತದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಸಿಲಿಂಡರಿನ ಬುಡವನ್ನು ಕೇಸಿಗೆ ಹಿಡಿಯುವ ನಟ್ಟುಗಳಲ್ಲಿ ಎರಡು ಅಳತೆ. ಅರ್ಧ ಇಂಚಿನವಕ್ಕೆ 600 ಇಂಚ್-ಪೌಂಡ್, ಎಂದರೆ 50 ಫೂಟ್-ಪೌಂಡ್. ಮೂರು ಎಂಟನೆಯ ಇಂಚಿನವಕ್ಕೆ 300 ಇಂಚ್-ಪೌಂಡ್. ಎಳೆಗಳಿಗೆ ಬಳಿಯಬೇಕಾದ್ದು 50 ನಂಬರ್ ಎಂಜಿನ್ ಆಯಿಲ್ 90 ಪಾಲು, ಎಸ್‌ಟಿಪಿ ಎಂಬ ಆಯಿಲ್ ಅಡಿಟಿವ್ 10 ಪಾಲು ಬೆರೆಸಿದ ಮಿಶ್ರಣ. ಒಣ ಎಳೆಗೆ ಟಾರ್ಕ್ ರೆಂಚ್ ಹಾಕಿದರೆ ರೆಂಚು ಕ್ಲಿಕ್ ಎನ್ನುತ್ತದೆ, ಆದರೆ ಆ ಬಲದ ದೊಡ್ಡ ಪಾಲು ಉಜ್ಜಾಟಕ್ಕೇ ಖರ್ಚಾಗಿ ಸ್ಟಡ್ಡಿಗೆ ಎಳೆತ ಸಿಕ್ಕಿರುವುದಿಲ್ಲ. ಅರ್ಧ ಇಂಚಿನ ನಟ್ಟುಗಳನ್ನು ಮೊದಲು 300ಕ್ಕೆ, ಆಮೇಲೆ ಕೈಪಿಡಿಯಲ್ಲಿರುವ ಸರದಿಯಲ್ಲಿ 600ಕ್ಕೆ ಬಿಗಿಯಬೇಕು. ಸಣ್ಣವು ಆಮೇಲೆ. ಕೊನೆಗೆ ಪ್ರತಿ ನಟ್ಟಿಗೂ ಅದದರ ಅಳತೆಯಲ್ಲಿ ರೆಂಚು ಹಾಕಿ ಸುಮಾರು 5 ಸೆಕೆಂಡು ಹಾಗೇ ಒತ್ತಿಹಿಡಿಯಬೇಕು. ನಟ್ಟು ಜರುಗದಿದ್ದರೆ ಬಿಗಿತ ಸರಿಯಾಗಿದೆ.

ಇಷ್ಟು ಮಾಡಿಯೂ ಸಡಿಲವಾಗುವುದಕ್ಕೆ ಒಂದು ಕಾರಣವಿದೆ, ಅದು ಪೇಂಟು. ಚಂದ ಕಾಣಲೆಂದು ಸಿಲಿಂಡರಿನ ಬುಡದ ಚಾಚಿಗೂ ಬಣ್ಣ ಹೊಡೆದು ಅದರ ಮೇಲೆ ನಟ್ಟು ಕೂರಿಸಿದರೆ, ಕಾವಿಗೆ ಬಣ್ಣ ಮೆತ್ತಗಾಗಿ ಹಿಂಡಿಹೋಗುತ್ತದೆ. ಎರಡು ಥೌ ಬಣ್ಣ ಹೋದರೂ ಬಿಗಿತ ಎಷ್ಟೋ ಇಳಿಯುತ್ತದೆ. ಆಮೇಲೆ ಸಿಲಿಂಡರ್ ಪ್ರತಿ ಸುತ್ತಿಗೂ ಒಂದಿಷ್ಟು ಮೇಲೆದ್ದು ಕೂರತೊಡಗುತ್ತದೆ, ಸ್ಟಡ್ಡುಗಳು ಒಂದೊಂದಾಗಿ ತುಂಡಾಗುತ್ತವೆ.

ಅರ್ಧ ಇಂಚಿನ ಕೆಲವು ನಟ್ಟುಗಳು ಕೂತಿರುವ ಉದ್ದನೆಯ ಸ್ಟಡ್ಡುಗಳು ಕೇಸಿನ ಆ ಬದಿಯಿಂದ ಈ ಬದಿಗೆ ತೂರಿಬರುತ್ತವೆ. ಮೇನ್ ಬೇರಿಂಗುಗಳನ್ನು ಅದುಮಿ ಹಿಡಿದಿರುವುದೂ ಅವೇ. ಮುಂದೆ ಎಂದಾದರೂ ಒಂದೇ ಸಿಲಿಂಡರ್ ಬಿಚ್ಚಿ ರಿಪೇರಿ ಮಾಡುವ ಸಂದರ್ಭ ಬಂದಾಗ ಇದನ್ನು ಮರೆಯುವವರು ಬಹಳ. ನಟ್ಟು ಸಡಿಲಿಸಿದ ಸ್ಥಿತಿಯಲ್ಲಿ ಪಿಸ್ಟನ್ ಮೇಲೆ ತರಲೆಂದು ಪ್ರೊಪೆಲ್ಲರನ್ನು ತಿರುಗಿಸಿದರೆ ಒಳಗಿನ ಬೇರಿಂಗ್ ಚಿಪ್ಪು ಜಾಗ ಬಿಟ್ಟು ಸರಿಯಬಹುದು. ಸರಿದ ಚಿಪ್ಪು ತನ್ನ ಆಯಿಲ್ ತೂತನ್ನು ತಾನೇ ಮುಚ್ಚುತ್ತದೆ. ಸಿಲಿಂಡರಿನ ಜಾಗದಲ್ಲಿ ಟಾರ್ಕ್ ಪ್ಲೇಟು ಹಾಕಿ ಬಿಗಿದಲ್ಲದೆ ತಿರುಗಿಸಬಾರದು.

ಇನ್ನು ಸಿಲಿಂಡರು, ರಿಂಗು. ಅಲ್ಯೂಮಿನಿಯಂ ಹೆಡ್ಡನ್ನು ಕಾಯಿಸಿ ಉಕ್ಕಿನ ಬ್ಯಾರೆಲ್ಲಿಗೆ ತಿರುಗಿಸಿ ಕೂರಿಸಿರುವುದರಿಂದ ಕಾರಿನ ಎಂಜಿನ್ನಿನಂತೆ ಹೆಡ್ ಬೇರೆ, ಬ್ಲಾಕ್ ಬೇರೆ ಎಂಬುದಿಲ್ಲ. ಬ್ಯಾರೆಲ್ಲಿನ ಒಳಗೋಡೆ ತಣ್ಣಗಿದ್ದಾಗ ಸಮಾನಾಂತರವಾಗಿಯೂ ಇರುವುದಿಲ್ಲ, ಮೇಲ್ತುದಿಯಲ್ಲಿ ಕೆಲವು ಥೌ ಕಿರಿದು. ಇದಕ್ಕೆ ಚೋಕ್ ಎನ್ನುತ್ತಾರೆ. ಎಂಜಿನ್ ಕಾದಾಗ ಹೆಡ್ಡಿನ ಬಳಿ ಹೆಚ್ಚು ಹಿಗ್ಗಿ ಗೋಡೆ ನೆಟ್ಟಗಾಗುತ್ತದೆ. ಆದ್ದರಿಂದ ರಿಂಗಿನ ಬಾಯಿಯ ಅಂತರವನ್ನು ಬ್ಯಾರೆಲ್ಲಿನ ಬುಡದಲ್ಲಿ ಮಾತ್ರ ಅಳೆದರೆ ಸಾಲದು, ರಿಂಗು ತಲುಪುವ ಅತಿ ಕಿರಿದಾದ ಮೇಲಿನ ಜಾಗದಲ್ಲೂ ಅಳೆಯಬೇಕು. ಅಲ್ಲಿ ಬಾಯಿ ಕೂಡಿಕೊಂಡರೆ ರಿಂಗು ಗೋಡೆಯನ್ನು ಗೀರುತ್ತದೆ.

ಗೋಡೆಯಲ್ಲಿ ಮೂರು ಬಗೆ: ಸಾದಾ ಉಕ್ಕು, ನೈಟ್ರೈಡ್ ಮಾಡಿ ಗಡುಸುಗೊಳಿಸಿದ್ದು, ಕ್ರೋಮ್ ಲೇಪಿಸಿದ್ದು. ನೈಟ್ರೈಡಿಗೆ ನೀಲಿ ಬಣ್ಣದ ಗುರುತು, ಕ್ರೋಮಿಗೆ ಕಿತ್ತಳೆ. ಈ ಬಣ್ಣ ನೋಡದೆ ರಿಂಗು ಆರಿಸುವವರು ಎಂಜಿನ್ನನ್ನು ಕಟ್ಟುವ ದಿನವೇ ಕೆಡಿಸಿರುತ್ತಾರೆ. ಉಕ್ಕು ಅಥವಾ ನೈಟ್ರೈಡ್ ಗೋಡೆಗೆ ಕ್ರೋಮ್ ಮುಖದ ರಿಂಗು. ಕ್ರೋಮ್ ಗೋಡೆಗೆ ಕ್ರೋಮ್ ಇಲ್ಲದ ರಿಂಗು. ಕ್ರೋಮಿನ ಮೇಲೆ ಕ್ರೋಮ್ ಎಂದೂ ಕೂಡದು, ಎರಡೂ ಗಡುಸಾಗಿ ಯಾವುದೂ ಸವೆಯದೆ ಪರಸ್ಪರ ಹರಿದುಹಾಕುತ್ತವೆ. ಒಂದು ಸವೆಯಬೇಕು, ಇನ್ನೊಂದು ಸವೆಸಬೇಕು, ಹೊಂದಿಕೆ ಹುಟ್ಟುವುದೇ ಹಾಗೆ.

ಉಕ್ಕು ಮತ್ತು ನೈಟ್ರೈಡ್ ಗೋಡೆಯ ಮೇಲೆ ಹೋನಿಂಗ್ ಕಲ್ಲಿನಿಂದ ಓರೆಗೀರುಗಳನ್ನು ಹಾಕುತ್ತಾರೆ. ಬೆಳಕಿಗೆ ಹಿಡಿದರೆ ಒಂದರ ಮೇಲೊಂದು ಕತ್ತರಿಯಂತೆ ಹಾಯ್ದ ಸಣ್ಣ ಗೆರೆಗಳು ಕಾಣುತ್ತವೆ. ಆ ಗೆರೆಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ದಿಣ್ಣೆಯ ತುದಿಗಳು ರಿಂಗಿನ ಮುಖವನ್ನು ಉಜ್ಜಿ ತಾವೂ ಸವೆಯುತ್ತವೆ. ಹೋನಿಂಗ್ ಆದ ಮೇಲೆ ಗೋಡೆಯನ್ನು ಸಾಲ್ವೆಂಟಿನಿಂದ ಒರೆಸಿದರೆ ಸಾಲದು. ಬಿಸಿನೀರು, ಸೋಪು, ಬ್ರಷ್ಷು ಹಿಡಿದು ತಿಕ್ಕಿ, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ತೊಳೆದು, ಕೂಡಲೇ ಆಯಿಲ್ ಸವರಬೇಕು. ಉಳಿದ ಕಲ್ಲಿನ ಪುಡಿ ಬೇರಿಂಗುಗಳಿಗೆ ಹೋಗುತ್ತದೆ. ಆಯಿಲ್ ತಡವಾದರೆ ಗಂಟೆಯೊಳಗೇ ಉಕ್ಕು ಕೆಂಪಾಗುತ್ತದೆ. ರಿಂಗುಗಳ ಗುರುತಿನ ಬದಿ ಮೇಲಕ್ಕೆ, ಬಾಯಿಗಳು ಒಂದರ ನೇರಕ್ಕೆ ಒಂದು ಬಾರದಂತೆ ಸುತ್ತ ಹಂಚಿ ಹಾಕಬೇಕು. ತಲೆಕೆಳಗಾಗಿ ಹಾಕಿದ ರಿಂಗು ಆಯಿಲನ್ನು ಕೆಳಕ್ಕೆ ಗೀಚುವ ಬದಲು ಮೇಲಕ್ಕೆ ಪಂಪು ಮಾಡುತ್ತದೆ.

ವಾಲ್ವುಗಳ ಬಗ್ಗೆ ಒಂದೇ ಮಾತು. ಹೈಡ್ರಾಲಿಕ್ ಟ್ಯಾಪೆಟ್ಟಿನೊಳಗಿನ ಆಯಿಲ್ ಪೂರ್ತಿ ಹಿಂಡಿ ಒಣಗಿಸಿ ಅಳೆದಾಗ ರಾಕರಿಗೂ ವಾಲ್ವಿಗೂ ನಡುವೆ 28ರಿಂದ 80 ಥೌ ಅಂತರ ಇರಬೇಕು. ಇಲ್ಲದಿದ್ದರೆ ಉದ್ದ ಅಥವಾ ಗಿಡ್ಡ ಪುಷ್‌ರಾಡ್ ಹಾಕಿ ಸರಿಪಡಿಸಬೇಕು. ಆಯಿಲ್ ಉಳಿದ ಟ್ಯಾಪೆಟ್ಟಿನಲ್ಲಿ ತೆಗೆದ ಅಳತೆಗೆ ಬೆಲೆಯಿಲ್ಲ.

ಕಟ್ಟುವಾಗ ಕ್ಯಾಮಿನ ಉಬ್ಬುಗಳಿಗೂ ಟ್ಯಾಪೆಟ್ ಮುಖಗಳಿಗೂ ಪ್ರೀಲ್ಯೂಬ್ ಪೇಸ್ಟನ್ನು ಕೈಬಿಚ್ಚಿ ಬಳಿಯಿರಿ. ರಿಂಗಿಗೂ ಗೋಡೆಗೂ ಮಾತ್ರ ಅದನ್ನು ಮುಟ್ಟಿಸಬಾರದು, ಅಲ್ಲಿಗೆ ಸಾದಾ ಮಿನರಲ್ ಆಯಿಲ್ ಸಾಕು. ವಿಮಾನಕ್ಕೆ ಕೂರಿಸುವಾಗ ಹಳೆಯ ಆಯಿಲ್ ಕೂಲರಿನ ಕಡೆ ಗಮನ ಇರಲಿ. ಹಳೆಯ ಎಂಜಿನ್ ಲೋಹದ ಚೂರು ಉದುರಿಸಿ ಸತ್ತಿದ್ದರೆ ಆ ಚೂರುಗಳೆಲ್ಲ ಕೂಲರಿನ ಸಂದಿಗಳಲ್ಲಿ ಕಾದು ಕೂತಿರುತ್ತವೆ. ಹಣ ಉಳಿಸಲು ಅದನ್ನೇ ತೊಳೆದು ಹಾಕುವುದಕ್ಕಿಂತ ಬದಲಿಸುವುದು ಅಗ್ಗ. ಉಷ್ಣತೆ ತೋರಿಸುವ ಮೀಟರುಗಳನ್ನು ಈಗಲೇ ಪರೀಕ್ಷಿಸಿಕೊಳ್ಳಿ. ಮುಂದಿನ ಹತ್ತಾರು ಗಂಟೆ ಕಣ್ಣೆಲ್ಲ ಅವುಗಳ ಮೇಲೆಯೇ. ಸಿಲಿಂಡರುಗಳ ಸುತ್ತ ಗಾಳಿಗೆ ದಾರಿ ತೋರಿಸುವ ತಗಡಿನ ಬಾಫಲ್‌ಗಳ ಅಂಚಿನ ರಬ್ಬರ್ ಪಟ್ಟಿ ಮುಂದಕ್ಕೆ ಬಾಗಿರಬೇಕು, ಆಗ ನುಗ್ಗಿಬರುವ ಗಾಳಿಯೇ ಅದನ್ನು ಎಂಜಿನ್ನಿನ ಹೊರಮುಚ್ಚಳವಾದ ಕೌಲಿಂಗಿಗೆ ಒತ್ತುತ್ತದೆ. ಹಿಂದಕ್ಕೆ ಮಡಚಿದ್ದರೆ ಗಾಳಿ ಸಿಲಿಂಡರುಗಳ ನಡುವೆ ಹಾಯದೆ ಪಕ್ಕದಿಂದ ಜಾರುತ್ತದೆ.

ಚಾಲೂ ಮಾಡುವ ಮೊದಲು ಒಳಗೆಲ್ಲ ಆಯಿಲ್ ಹರಿಸಬೇಕು. ಹೊರಗಿನಿಂದ ಒತ್ತಡ ಕೊಟ್ಟು ಆಯಿಲ್ ನುಗ್ಗಿಸುವ ಸಲಕರಣೆ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಮೇಲಿನ ನಾಲ್ಕು ಸ್ಪಾರ್ಕ್ ಪ್ಲಗ್ ತೆಗೆದು, ಮ್ಯಾಗ್ನೆಟೊ ಮತ್ತು ಇಂಧನ ಬಂದ್ ಮಾಡಿ, ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿ. ಮೀಟರಿನಲ್ಲಿ ಕನಿಷ್ಠ 20 ಪಿಎಸ್‌ಐ ಕಾಣಬೇಕು. ನಡುನಡುವೆ ಸ್ಟಾರ್ಟರಿಗೆ ಬಿಡುವು ಕೊಡಿ, ಅದೂ ಸುಡುತ್ತದೆ. ಪ್ಲಗ್ ವಾಪಸ್ ಹಾಕುವಾಗ 420 ಇಂಚ್-ಪೌಂಡ್.

ಯಾವ ಆಯಿಲ್? ಬ್ರೇಕ್-ಇನ್ (ರಿಂಗುಗಳು ಗೋಡೆಗೆ ಹೊಂದಿಕೊಳ್ಳುವ ಅವಧಿ) ಮುಗಿಯುವವರೆಗೆ, ಎಂದರೆ 50 ಗಂಟೆ ಅಥವಾ ಆಯಿಲ್ ಬಳಕೆ ಒಂದೇ ಮಟ್ಟಕ್ಕೆ ನಿಲ್ಲುವವರೆಗೆ, ಸಾದಾ ಮಿನರಲ್ ಆಯಿಲ್. ಮಾಮೂಲಿ ದಿನಗಳಲ್ಲಿ ಬಳಸುವ ಆಶ್‌ಲೆಸ್ ಡಿಸ್ಪರ್ಸೆಂಟ್ ಆಯಿಲ್ (ಕೊಳೆಯನ್ನು ತನ್ನಲ್ಲೇ ತೇಲಿಸಿಟ್ಟುಕೊಳ್ಳುವಂಥದ್ದು) ಆಮೇಲೆ. ಏರೋಶೆಲ್ ಡಬ್ಬಿ ತರುವಾಗ ಹುಷಾರು. ನಮ್ಮ ಹವೆಗೆ ಬೇಕಾದ್ದು ಬರೀ 100 ಎಂದು ಬರೆದದ್ದು. ಡಬ್ಲ್ಯು 100 ಎಂದಿದ್ದರೆ ಅದು ಡಿಸ್ಪರ್ಸೆಂಟ್. ಎರಡೂ ಒಂದೇ ಕಪಾಟಿನಲ್ಲಿರುತ್ತವೆ, ಸ್ಟೋರಿನವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಓ-320-ಎಚ್ ಸರಣಿ ಇದಕ್ಕೆ ಅಪವಾದ, 1977ರಿಂದ 1980ರವರೆಗಿನ ಸೆಸ್ನಾ 172 ಎನ್‌ಗಳಲ್ಲಿ ಬಂದದ್ದು. ಅದರ ಕ್ಯಾಮ್ ಮತ್ತು ಟ್ಯಾಪೆಟ್ಟಿನ ರಚನೆ ಬೇರೆ, ಅದಕ್ಕೆ ಮೊದಲ ದಿನದಿಂದಲೇ ಡಿಸ್ಪರ್ಸೆಂಟ್ ಆಯಿಲನ್ನೂ ಬಳಸಬಹುದು, ಆದರೆ ಲೈಕಮಿಂಗಿನ ಆಯಿಲ್ ಅಡಿಟಿವ್ ಬೇಕು. ಟರ್ಬೊ ಎಂಜಿನ್ನುಗಳಿಗಂತೂ ಮೊದಲಿನಿಂದಲೇ ಡಿಸ್ಪರ್ಸೆಂಟ್.

ಮೊದಲ ಸಲ ಚಾಲೂ ಮಾಡಿದಾಗ 30 ಸೆಕೆಂಡಿನೊಳಗೆ ಆಯಿಲ್ ಒತ್ತಡ ಏಳದಿದ್ದರೆ ಕೂಡಲೇ ನಿಲ್ಲಿಸಿ. ಎದ್ದರೆ, ಮೂಗು ಗಾಳಿಗೆ ಎದುರಾಗಿ, ಕೌಲಿಂಗ್ ಮುಚ್ಚಿ, 1000ದಿಂದ 1200 ಆರ್‌ಪಿಎಂನಲ್ಲಿ ಬಿಸಿ ಮಾಡಿ, ನಿಲ್ಲಿಸಿ, ಸೋರಿಕೆ ನೋಡಿ. ಆಮೇಲೆ ಮ್ಯಾಗ್ನೆಟೊ ಪರೀಕ್ಷೆ, ಕೆಲವೇ ಸೆಕೆಂಡು ಪೂರ್ತಿ ಥ್ರಾಟಲ್, ಅಷ್ಟೇ. ನೆಲದ ಮೇಲೆ ಗಾಳಿಯ ಓಟವಿಲ್ಲ, ಸಿಲಿಂಡರುಗಳಿಗೆ ತಂಪಿಲ್ಲ, ರಿಂಗಿಗೆ ಒತ್ತಡವೂ ಇಲ್ಲ. ರೇಡಿಯೊ ನೋಡಬೇಕು, ಫೋಟೊ ತೆಗೆಯಬೇಕು ಎಂದು ಅರ್ಧ ಗಂಟೆ ನೆಲದಲ್ಲೇ ಗುರುಗುಟ್ಟಿಸುವುದು ನಮ್ಮ ದೃಷ್ಟಿಯಲ್ಲಿ ಅತಿ ದೊಡ್ಡ ತಪ್ಪು. ಆ ಕೆಲಸಗಳೆಲ್ಲ ಹಳೆಯ ಎಂಜಿನ್ ಇದ್ದಾಗಲೇ ಮುಗಿದಿರಲಿ.

ನೆಲ ಬಿಟ್ಟ ಮೇಲೆ ಪೂರ್ತಿ ಥ್ರಾಟಲ್, ಮಿಕ್ಸ್ಚರ್ ಫುಲ್ ರಿಚ್ (ಗಾಳಿಯ ಜೊತೆ ಇಂಧನ ಅತಿ ಹೆಚ್ಚು). ಏರುವಿಕೆ ಕಡಿದಾಗಿರದೆ, 85-90 ನಾಟ್ ವೇಗದಲ್ಲಿ ಮಟ್ಟಸವಾಗಿರಲಿ, ಗಾಳಿ ಹಾಯಲಿ. ಮೊದಲ ಗಂಟೆ 75 ಶೇಕಡಾ ಶಕ್ತಿಯಲ್ಲಿ ನೇರ ಹಾರಾಟ. ಎರಡನೆಯ ಗಂಟೆ 65ಕ್ಕೂ 75ಕ್ಕೂ ನಡುವೆ ಬದಲಿಸುತ್ತ ಹಾರಾಟ. ಎಲ್ಲ ಮೀಟರುಗಳೂ ಮಿತಿಯೊಳಗಿದ್ದರೆ ಕೊನೆಗೆ ಅರ್ಧ ಗಂಟೆ ಕೈಪಿಡಿ ಅನುಮತಿಸುವ ಗರಿಷ್ಠ ಶಕ್ತಿ. ಸಿಲಿಂಡರ್ ಹೆಡ್ಡಿನ ಉಷ್ಣತೆಯ ಕೆಂಪು ಗೆರೆ 260 ಡಿಗ್ರಿ ಸೆಲ್ಸಿಯಸ್, ಆದರೆ 220 ದಾಟಲು ಬಿಡಬೇಡಿ. ಮೇಲೇರಿದರೆ ಶಕ್ತಿ ತಗ್ಗಿಸುವ ಮುಂಚೆ ಮೂಗು ತಗ್ಗಿಸಿ ವೇಗ ಹೆಚ್ಚಿಸಿ. ಇಳಿಯುವಾಗ ಥ್ರಾಟಲ್ ಪೂರ್ತಿ ಮುಚ್ಚಬೇಡಿ. ಆಗ ಪ್ರೊಪೆಲ್ಲರೇ ಎಂಜಿನ್ನನ್ನು ತಿರುಗಿಸತೊಡಗುತ್ತದೆ, ರಿಂಗುಗಳ ಮೇಲಿನ ಭಾರ ತಿರುಗುಮುರುಗಾಗುತ್ತದೆ. ತರಬೇತಿ ಶಾಲೆಗಳಲ್ಲಿ ಹೊಸ ಎಂಜಿನ್ ಹಾಕಿದ ಮಾರನೆಯ ದಿನವೇ ವಿದ್ಯಾರ್ಥಿಗಳನ್ನು ಕೂರಿಸಿ ಒಂದರ ಮೇಲೊಂದು ಲ್ಯಾಂಡಿಂಗ್ ಅಭ್ಯಾಸಕ್ಕೆ ಕಳಿಸುವುದು ಇದಕ್ಕೇ ಸಲ್ಲದು. ಐದು ನಿಮಿಷಕ್ಕೊಮ್ಮೆ ಪೂರ್ತಿ ತೆರೆದು ಪೂರ್ತಿ ಮುಚ್ಚುವ ಆ ಹಾರಾಟ ಬ್ರೇಕ್-ಇನ್‌ಗೆ ಬೇಕಾದ್ದಕ್ಕೆ ಸರಿಯಾಗಿ ತದ್ವಿರುದ್ಧ.

75 ಶೇಕಡಾ ಎನ್ನುವುದು ಸುಲಭ, ಸಿಗುವುದು ಕಷ್ಟ, ಅದೂ ಬೆಂಗಳೂರಿನಲ್ಲಿ. ಟರ್ಬೊ ಇಲ್ಲದ ಎಂಜಿನ್ನಿಗೆ ಗಾಳಿ ತೆಳುವಾದಷ್ಟೂ ಶಕ್ತಿ ಕಡಿಮೆ. ಸೆಸ್ನಾ 172ಕ್ಕೆ ಸುಮಾರು 8000 ಅಡಿ ಡೆನ್ಸಿಟಿ ಆಲ್ಟಿಟ್ಯೂಡಿನಲ್ಲಿ (ಉಷ್ಣತೆಯನ್ನೂ ಸೇರಿಸಿ ಗಾಳಿಯ ತೆಳುವಿಗೆ ತಕ್ಕಂತೆ ಲೆಕ್ಕ ಹಾಕಿದ ಎತ್ತರ) ಥ್ರಾಟಲ್ ಪೂರ್ತಿ ತೆರೆದರೂ 75 ಶೇಕಡಾ ಅಷ್ಟೇ. ಅದಕ್ಕಿಂತ ಮೇಲೆ ಹೋದರೆ ಬೇಕಾದ ಒತ್ತಡ ಸಿಗದು, 5000ದ ಒಳಗಿದ್ದರೆ ಉತ್ತಮ. ಈಗ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನ ಲೆಕ್ಕ ನೋಡಿ. ರನ್‌ವೇ ಇರುವುದೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದರೆ 25 ಡಿಗ್ರಿ ಹೆಚ್ಚು, ಡಿಗ್ರಿಗೆ 120 ಅಡಿಯಂತೆ ಇನ್ನೂ 3000 ಅಡಿ. ವಿಮಾನ ನೆಲದ ಮೇಲೆ ನಿಂತಿರುವಾಗಲೇ ಎಂಜಿನ್ನಿನ ಪಾಲಿಗೆ ಅದು 6000 ಅಡಿ. ಅಲ್ಲಿಂದ 2000 ಅಡಿ ಏರಿದರೆ 8000ದ ಗೆರೆ ಬಂದೇಬಿಟ್ಟಿತು. ಡಿಸೆಂಬರಿನ ಬೆಳಿಗ್ಗೆ 16 ಡಿಗ್ರಿಯಿದ್ದರೆ ಅದೇ ರನ್‌ವೇ 3840 ಅಡಿ ಮಾತ್ರ. ಹಾಗಾಗಿ ಇಲ್ಲಿ ಬ್ರೇಕ್-ಇನ್ ಹಾರಾಟ ಚಳಿಗಾಲದ ಬೆಳಗಿನ ಕೆಲಸ, ತಂಪೂ ಸಿಕ್ಕಿತು, ಗಾಳಿಯ ದಪ್ಪವೂ ಸಿಕ್ಕಿತು. ಪ್ರೊಪೆಲ್ಲರ್ ಫಿಕ್ಸೆಡ್ ಪಿಚ್ (ಅಲಗಿನ ಕೋನ ಬದಲಿಸಲಾಗದ್ದು) ಆದ್ದರಿಂದ ಎಷ್ಟು ಆರ್‌ಪಿಎಂಗೆ 75 ಶೇಕಡಾ ಎಂಬುದನ್ನು ಅಂದಿನ ಎತ್ತರ, ಉಷ್ಣತೆಗೆ ತಕ್ಕಂತೆ ವಿಮಾನದ ಕೈಪಿಡಿಯ ಕೋಷ್ಟಕದಿಂದಲೇ ತೆಗೆಯಬೇಕು. ಹಿಂದಿನ ಸಲದ ಅಂಕಿ ನೆನಪಿಟ್ಟುಕೊಂಡರೆ ನಡೆಯದು. ಜೊತೆಗೆ ಮೊದಲ ಕೆಲವು ಗಂಟೆ ಏರೋಡ್ರೋಮ್ ಬಿಟ್ಟು ದೂರ ಹೋಗಬೇಡಿ, ಪ್ರಯಾಣಿಕರನ್ನು ಕೂರಿಸಬೇಡಿ. ಜೋಡಣೆಯ ತಪ್ಪುಗಳು ಹೊರಬೀಳುವುದು ಬಹುತೇಕ ಈ ಹೊತ್ತಿನಲ್ಲೇ.

ಇಷ್ಟೊಂದು ಒತ್ತಾಯ ಏಕೆಂದರೆ, ರಿಂಗಿನ ಸ್ವಂತ ಸ್ಪ್ರಿಂಗ್ ಬಲ ಅಲ್ಪ. ಉರಿದ ಅನಿಲ ರಿಂಗು ಕೂತಿರುವ ತೋಡಿನೊಳಗೆ ಹೊಕ್ಕು ಹಿಂದಿನಿಂದ ತಳ್ಳಿದಾಗಲೇ ಅದು ಆಯಿಲ್ ಪೊರೆಯನ್ನು ಸೀಳಿ ಗೋಡೆಯನ್ನು ಮುಟ್ಟುವುದು. ಶಕ್ತಿ ಕಡಿಮೆಯಿದ್ದರೆ ರಿಂಗು ಪೊರೆಯ ಮೇಲೆ ತೇಲುತ್ತದೆ. ಕಾದ ಗೋಡೆಯ ಮೇಲೆ ಆ ಆಯಿಲ್ ಸುಟ್ಟು ವಾರ್ನಿಷ್ಷಿನಂತೆ ಗಟ್ಟಿಯಾಗಿ ಓರೆಗೀರುಗಳನ್ನು ತುಂಬುತ್ತದೆ. ಇದೇ ಗ್ಲೇಜ್. ಒಮ್ಮೆ ಗ್ಲೇಜ್ ಕಟ್ಟಿದ ಗೋಡೆಗೆ ಮುಂದೆ ಎಷ್ಟೇ ಜೋರಾಗಿ ಹಾರಿಸಿದರೂ ರಿಂಗು ಕೂರುವುದಿಲ್ಲ. ಡಬ್ಬಿಯಲ್ಲಿ ಬರುವ ಯಾವ ಔಷಧವೂ ಇಲ್ಲ. ಸಿಲಿಂಡರ್ ಬಿಚ್ಚಿ, ಮತ್ತೆ ಹೋನ್ ಮಾಡಿ, ಹೊಸ ರಿಂಗು ಹಾಕಿ, ಬ್ರೇಕ್-ಇನ್ ಮೊದಲಿನಿಂದ ಶುರು.

ರಿಂಗು ಕೂತದ್ದು ತಿಳಿಯುವುದು ಎರಡು ಕಡೆ. ನಾಲ್ಕೂ ಸಿಲಿಂಡರಿಗೆ ಬೇರೆ ಬೇರೆ ಉಷ್ಣತಾ ಮೀಟರ್ ಇದ್ದರೆ, ಅದೇ ಶಕ್ತಿ, ಅದೇ ವೇಗದಲ್ಲಿ ಹಾರುವಾಗ ಒಂದೊಂದೇ ಸಿಲಿಂಡರಿನ ಮುಳ್ಳು ಇಳಿಯುವುದು ಕಾಣುತ್ತದೆ. ಉಜ್ಜಾಟ ತಗ್ಗಿತೆಂದು ಅರ್ಥ. ಇನ್ನೊಂದು ಆಯಿಲ್ ಕಡ್ಡಿ. ತಯಾರಕರ ಗರಿಷ್ಠ ಮಿತಿಯ ಸೂತ್ರ ಹೀಗಿದೆ: 0.006ನ್ನು ಎಚ್‌ಪಿಯಿಂದಲೂ 4ರಿಂದಲೂ ಗುಣಿಸಿ 7.4ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕ್ವಾರ್ಟ್ ಎಂದು ಸಿಗುತ್ತದೆ. 160 ಎಚ್‌ಪಿಗೆ 0.52 ಕ್ವಾರ್ಟ್, ಅಂದರೆ ಹತ್ತಿರಹತ್ತಿರ ಗಂಟೆಗೆ ಅರ್ಧ ಲೀಟರ್. ಇದು ಸಹಿಸಬಹುದಾದ ಕೊನೆಯ ಗಡಿ, ಆರೋಗ್ಯದ ಲಕ್ಷಣವೆಂದು ಯಾರೂ ತಿಳಿಯಬಾರದು. ಚೆನ್ನಾಗಿ ಹೊಂದಿಕೊಂಡ ಎಂಜಿನ್ ಎಂಟು ಹತ್ತು ಗಂಟೆಗೆ ಒಂದು ಕ್ವಾರ್ಟ್ ಕುಡಿದು ಸುಮ್ಮನಿರುತ್ತದೆ.

ಮೊದಲ ಆಯಿಲ್ ಬದಲಾವಣೆಯನ್ನು 10 ಗಂಟೆಗಿಂತ ಮುಂದೆ ತಳ್ಳಬೇಡಿ. ಫಿಲ್ಟರನ್ನು ಡಬ್ಬಿ ಕೊಯ್ಯುವ ಕಟರಿನಿಂದಲೇ ಬಿಚ್ಚಿ. ಹ್ಯಾಕ್‌ಸಾ ಹಿಡಿದರೆ ಗರಗಸದ ಪುಡಿಯೇ ಬಿದ್ದು, ಎಂಜಿನ್ ಉದುರಿಸಿದ್ದು ಯಾವುದು, ನೀವು ಉದುರಿಸಿದ್ದು ಯಾವುದು ತಿಳಿಯದು. ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಬೆಳ್ಳಿಹೊಳಪಿನ ಸಣ್ಣ ಪುಡಿ ಮೊದಲ ಸಲ ಸಹಜ. ಅಯಸ್ಕಾಂತಕ್ಕೆ ಅಂಟುವ ಚಕ್ಕೆಗಳು ಕಂಡರೆ ಕ್ಯಾಮ್, ಟ್ಯಾಪೆಟ್, ಗೇರುಗಳ ಮೇಲೆ ಅನುಮಾನ. ಅಂಟದ ಹೊಳೆಯುವ ಚೂರು ಪಿಸ್ಟನ್ ಪಿನ್ನಿನ ಪ್ಲಗ್ಗಿನ ಅಲ್ಯೂಮಿನಿಯಂ ಇರಬಹುದು. ಆಯಿಲನ್ನು ಲ್ಯಾಬಿಗೆ ಕಳಿಸಿದರೆ ಮೊದಲ ವರದಿಯಲ್ಲಿ ಕಬ್ಬಿಣ, ಕ್ರೋಮಿಯಂ ಎರಡೂ ಹೆಚ್ಚೇ ಬರುತ್ತವೆ. ಗಾಬರಿ ಬೇಡ, ಎರಡನೆಯದರಲ್ಲಿ, ಮೂರನೆಯದರಲ್ಲಿ ಇಳಿದಿದೆಯೇ ನೋಡಿ. ಸಿಲಿಕಾನ್ ಏರುತ್ತಿದ್ದರೆ ಏರ್ ಫಿಲ್ಟರಿನ ಅಂಚಿನಲ್ಲಿ ಧೂಳು ನುಸುಳುತ್ತಿದೆ. ಹೊಸ ಫಿಲ್ಟರನ್ನು 16-18 ಫೂಟ್-ಪೌಂಡಿಗೆ ಬಿಗಿದು ಲಾಕ್ ವೈರ್ ಕಟ್ಟಿ.

ಕಂಪ್ರೆಷನ್ ಪರೀಕ್ಷೆ ಬಿಸಿ ಎಂಜಿನ್ನಿನಲ್ಲೇ. ಪಿಸ್ಟನ್ನನ್ನು ಮೇಲ್ತುದಿಗೆ ತಂದು, 40 ಥೌ ತೂತಿನ ಮೂಲಕ 80 ಪಿಎಸ್‌ಐ ಗಾಳಿ ಬಿಟ್ಟು, ಸಿಲಿಂಡರ್ ಎಷ್ಟು ಹಿಡಿದುಕೊಳ್ಳುತ್ತದೆಂದು ಎರಡನೆಯ ಮೀಟರಿನಲ್ಲಿ ಓದುವುದು. 70ರ ಮೇಲಿದ್ದರೆ ಒಳ್ಳೆಯದು. ಕಡಿಮೆಯಿದ್ದರೆ ಕಿವಿ ಕೊಡಿ: ಸೈಲೆನ್ಸರಿನಲ್ಲಿ ಬುಸುಗುಟ್ಟಿದರೆ ಎಕ್ಸಾಸ್ಟ್ ವಾಲ್ವು, ಕಾರ್ಬುರೇಟರಿನ ಬಾಯಲ್ಲಾದರೆ ಇನ್‌ಟೇಕ್ ವಾಲ್ವು, ಆಯಿಲ್ ಹಾಕುವ ಬಾಯಲ್ಲಾದರೆ ರಿಂಗು. ಪ್ರೊಪೆಲ್ಲರನ್ನು ಹಿಡಿಯುವವರು ಅಸಡ್ಡೆ ಮಾಡಬಾರದು. ಪಿಸ್ಟನ್ನಿನ ತಲೆಯ ವಿಸ್ತೀರ್ಣ 20 ಚದರ ಇಂಚಿಗೂ ಮೇಲೆ, ಅದರ ಮೇಲೆ 80 ಪಿಎಸ್‌ಐ ಎಂದರೆ ಸುಮಾರು 750 ಕಿಲೊ ಭಾರ. ಪಿಸ್ಟನ್ ತುದಿಯಿಂದ ಒಂಚೂರು ಜಾರಿದರೂ ಪ್ರೊಪೆಲ್ಲರ್ ಬೀಸುತ್ತದೆ, ಕೈ ಮುರಿಯುತ್ತದೆ.

ಬಳಕೆಯ ಲೆಕ್ಕ ಬರೆಯುವವರು ಒಂದು ವಿಷಯ ಗಮನಿಸಿ. ಎಂಜಿನ್ನಿನ ತಳದ ಆಯಿಲ್ ಸಂಪಿನಲ್ಲಿ 8 ಕ್ವಾರ್ಟ್ ಹಿಡಿಯುತ್ತದೆಂದು ಗಂಟಲಮಟ್ಟ ತುಂಬಿದರೆ, ಮೇಲಿನ ಒಂದು ಒಂದೂವರೆ ಕ್ವಾರ್ಟ್ ಬ್ರೀದರ್ ಕೊಳವೆಯಿಂದ ಹೊರಹೋಗಿ ವಿಮಾನದ ಹೊಟ್ಟೆಗೆಲ್ಲ ಬಳಿದುಕೊಳ್ಳುತ್ತದೆ. ಅದನ್ನೂ ರಿಂಗಿನ ತಲೆಗೆ ಕಟ್ಟಿ, ಕೂತ ರಿಂಗನ್ನು ಕೂತಿಲ್ಲವೆಂದು ಸಿಲಿಂಡರ್ ಬಿಚ್ಚಿಸಿದವರಿದ್ದಾರೆ. 6ರಿಂದ ಆರೂವರೆ ಕ್ವಾರ್ಟಿಗೆ ಇಳಿಸಿ, ಎರಡು ಮೂರು ಹಾರಾಟ ಅದೇ ಮಟ್ಟ ಕಾಪಾಡಿ, ವಿಮಾನ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತಿರುವಾಗ ಕಡ್ಡಿ ನೋಡಿ ಬರೆದುಕೊಳ್ಳಿ. ಆಗಲೂ ಇಳಿಯುತ್ತಿದ್ದರೆ ಪ್ಲಗ್ಗುಗಳನ್ನು ತೆಗೆದು ನೋಡಿ. ಯಾವ ಸಿಲಿಂಡರಿನ ಕೆಳಗಿನ ಪ್ಲಗ್ಗು ಒದ್ದೆಯಾಗಿ ಕಪ್ಪಗಿದೆಯೋ, ಕೆಲಸ ಇರುವುದು ಅದೊಂದರಲ್ಲಿ.